ಒಂದು ಟನ್ ಸೌದೆ ಬಾಯ್ಲರಿಗೆ ಎಕನಾಮೈಸರ್ ಹಾಕಿಸಬೇಕೆ? ಶಿಡ್ಲಘಟ್ಟದಿಂದ ಒಂದು ಪ್ರಶ್ನೆ

ಶಿಡ್ಲಘಟ್ಟ ರೀಲರ್:

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹೊರವಲಯದಲ್ಲಿ ನಮ್ಮದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಚರಕದಿಂದ ಆರಂಭಿಸಿ, ನಡುವೆ ಮಲ್ಟಿ ಎಂಡ್ ನಡೆಸಿ, ಈಗ ಸ್ವಯಂಚಾಲಿತ ಯಂತ್ರಕ್ಕೆ ಬಂದಿದ್ದೇವೆ. ಗೂಡು ಬೇಯಿಸುವುದಕ್ಕೆ, ಬೇಸಿನ್ನುಗಳ ನೀರು ಕಾಯಿಸುವುದಕ್ಕೆ ಮತ್ತು ರೀ-ರೀಲಿಂಗ್ (ಬಿಚ್ಚಿದ ನೂಲನ್ನು ಮತ್ತೆ ಸುತ್ತುವ) ಪೆಟ್ಟಿಗೆಗಳ ಶಾಖಕ್ಕೆ ಒಂದು ಟನ್ನಿನ, ಅಂದರೆ ಗಂಟೆಗೆ ಒಂದು ಟನ್ ಹಬೆ ಕೊಡಬಲ್ಲ, ಸೌದೆ ಬಾಯ್ಲರ್ ಇದೆ. ಅದರ ವಿನ್ಯಾಸದ ಒತ್ತಡ ಚದರ ಸೆಂಟಿಮೀಟರಿಗೆ 10.54 ಕೆ.ಜಿ.; ನಾವು 7 ಕೆ.ಜಿ. ಒತ್ತಡದಲ್ಲಿ ದಿನಕ್ಕೆ ಎಂಟು ಗಂಟೆ ನಡೆಸುತ್ತೇವೆ, ಗಂಟೆಗೆ ಸುಮಾರು 600 ಕೆ.ಜಿ. ಹಬೆ ಬಳಕೆಯಾಗುತ್ತದೆ.

ಹೋದ ವಾರ ಒಬ್ಬ ಮಾರಾಟ ಪ್ರತಿನಿಧಿ ಬಂದು ಚಿಮಣಿಗೆ ಥರ್ಮಾಮೀಟರ್ ಹಿಡಿದು, ಹೊಗೆ 260 ಡಿಗ್ರಿಯಲ್ಲಿ ಹೊರಗೆ ಹೋಗುತ್ತಿದೆ, ಎಕನಾಮೈಸರ್ (ಹೊಗೆಯ ಶಾಖದಿಂದ ಬಾಯ್ಲರಿಗೆ ಹೋಗುವ ನೀರನ್ನು ಕಾಯಿಸುವ ಸಾಧನ) ಹಾಕಿಸಿದರೆ ಸೌದೆಯಲ್ಲಿ ನೂರಕ್ಕೆ ಹದಿನೈದು ಉಳಿಯುತ್ತದೆ ಎಂದು ಬರೆದುಕೊಟ್ಟು ಹೋಗಿದ್ದಾರೆ. ಸೌದೆಯ ಖರ್ಚು ನಮ್ಮನ್ನು ಹಣ್ಣು ಮಾಡಿದೆ. ಇದರಲ್ಲಿ ಹಣ ಹಾಕಬಹುದೇ ಎಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಗೌರಿಬಿದನೂರು ನಿವೃತ್ತ:

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯ್ಲರ್ ಮನೆಗಳ ನಿರ್ವಹಣೆಯಲ್ಲಿದ್ದವನು. ಮೊದಲು ಆ ಹದಿನೈದರ ಲೆಕ್ಕವನ್ನು ನೋಡೋಣ. ಹೊಗೆಯ ಉಷ್ಣಾಂಶ ಸುಮಾರು 22 ಡಿಗ್ರಿ ಇಳಿದರೆ ದಕ್ಷತೆ ನೂರಕ್ಕೆ ಒಂದು ಏರುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಒಪ್ಪಿದ ಸ್ಥೂಲ ನಿಯಮ. ನೀರಿನ ಕಡೆಯಿಂದ ನೋಡಿದರೆ, ಬಾಯ್ಲರಿಗೆ ಹೋಗುವ ನೀರು 6 ಡಿಗ್ರಿ ಬಿಸಿಯಾದಷ್ಟಕ್ಕೂ ಇಂಧನದಲ್ಲಿ ನೂರಕ್ಕೆ ಒಂದು ಉಳಿಯುತ್ತದೆ. ನಿಮ್ಮ ಹೊಗೆಯನ್ನು 260ರಿಂದ 170ಕ್ಕೆ ಇಳಿಸಬಹುದು ಎಂದುಕೊಂಡರೂ ಇಳಿಕೆ 90 ಡಿಗ್ರಿ, ಉಳಿತಾಯ ಸುಮಾರು ನಾಲ್ಕು. ಹದಿನೈದು ಉಳಿಯಬೇಕಾದರೆ ಹೊಗೆಯನ್ನು 330 ಡಿಗ್ರಿ ತಣಿಸಬೇಕು. 260 ಡಿಗ್ರಿಯ ಹೊಗೆಯಲ್ಲಿ ಅದು ಹೇಗೆ ಸಾಧ್ಯವೆಂದು ಆ ಪ್ರತಿನಿಧಿಯನ್ನೇ ಕೇಳಿ.

ನಾಲ್ಕು ಉಳಿದರೂ ಲಾಭವೇ ತಾನೇ ಎನ್ನಬಹುದು. ಆದರೆ ಎಕನಾಮೈಸರ್ ಒಂದು ಸರಪಳಿಯ ಕೊನೆಯ ಕೊಂಡಿ. ಅದಕ್ಕಿಂತ ಮುಂಚಿನ ಕೊಂಡಿಗಳು ಸರಿಯಿಲ್ಲದಿದ್ದರೆ ಅದು ಎರಡು ವರ್ಷವೂ ಬಾಳುವುದಿಲ್ಲ. ಆದ್ದರಿಂದ ನನ್ನ ಪ್ರಶ್ನೆಗಳಿವು. ನಿಮ್ಮ ನೀರು ಎಲ್ಲಿಂದ ಬರುತ್ತದೆ, ಅದರ ಗಡಸುತನವೆಷ್ಟು, ಟಿಡಿಎಸ್ (ಕರಗಿರುವ ಒಟ್ಟು ಲವಣ) ಎಷ್ಟು? ಬಾಯ್ಲರಿಗೆ ನೀರುಣಿಸುವ ಫೀಡ್ ಟ್ಯಾಂಕಿನ ನೀರು ಎಷ್ಟು ಬಿಸಿಯಿದೆ? ಹಬೆ ತಣಿದಾಗ ಬರುವ ಕಂಡೆನ್ಸೇಟ್ ನೀರನ್ನು ಹಿಂದಕ್ಕೆ ತರುತ್ತೀರಾ? ಫೀಡ್ ಪಂಪು ಸತತವಾಗಿ ಓಡುತ್ತದೆಯೋ, ನಿಂತು ನಿಂತು ಓಡುತ್ತದೆಯೋ?

ಶಿಡ್ಲಘಟ್ಟ ರೀಲರ್:

ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞತೆಗಳು. ನೀರು ನಮ್ಮದೇ ಕೊಳವೆಬಾವಿಯದು, ಆಳ ಸಾವಿರದ ಇನ್ನೂರು ಅಡಿ ದಾಟಿದೆ. ಹಿಂದೆ ಪರೀಕ್ಷೆ ಮಾಡಿಸಿದಾಗ ಟಿಡಿಎಸ್ 1150 ಮತ್ತು ಗಡಸುತನ 480 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇತ್ತು. 50 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಮಣಿಗಳು) ಇರುವ ಸಾಫ್ಟ್‌ನರ್ ಹಾಕಿದ್ದೇವೆ. ಎರಡು ದಿನಕ್ಕೊಮ್ಮೆ ಉಪ್ಪು ಹಾಕಿ ರೀಜನರೇಶನ್ ಮಾಡುತ್ತೇವೆ, ಅಂದರೆ ರೆಸಿನ್ನಿಗೆ ಮತ್ತೆ ಶಕ್ತಿ ತುಂಬುತ್ತೇವೆ. ಫೀಡ್ ಟ್ಯಾಂಕಿನ ನೀರು ತಣ್ಣಗೇ ಇರುತ್ತದೆ, 28 ಡಿಗ್ರಿ ಇರಬಹುದು. ಕಂಡೆನ್ಸೇಟ್ ಬಹಳ ಕಡಿಮೆ, ಏಕೆಂದರೆ ಹೆಚ್ಚಿನ ಹಬೆಯನ್ನು ನೇರವಾಗಿ ನೀರಿಗೇ ಬಿಡುತ್ತೇವೆ. ರೀ-ರೀಲಿಂಗ್ ಪೈಪುಗಳಿಂದ ಬರುವುದು ಚರಂಡಿಗೆ ಹೋಗುತ್ತದೆ. ಪಂಪು ನೀರಿನ ಮಟ್ಟ ಇಳಿದಾಗ ಓಡಿ, ಏರಿದಾಗ ನಿಲ್ಲುತ್ತದೆ.

ನೀರಿನ ಲ್ಯಾಬ್, ಚಿಕ್ಕಬಳ್ಳಾಪುರ:

ನಾನು ನೀರು ಶುದ್ಧೀಕರಣದ ಕೆಲಸದಲ್ಲಿರುವವನು. ನೀವು ಕೊಟ್ಟ ಅಂಕಿಗಳನ್ನು ನೋಡಿ ಎಕನಾಮೈಸರಿನ ವಿಷಯವನ್ನೇ ಮರೆತೆ. ಒಂದು ಲೀಟರಿನಲ್ಲಿ 480 ಮಿಲಿಗ್ರಾಂ ಗಡಸುತನ ಎಂದರೆ, ಗಂಟೆಗೆ 900 ಲೀಟರ್ ನೀರು ಒಳಗೆ ಹೋದಾಗ 430 ಗ್ರಾಂ ಸುಣ್ಣ ಸಾಫ್ಟ್‌ನರಿಗೆ ಬರುತ್ತದೆ. ಹಬೆ 600 ಮಾತ್ರ ಇರುವಾಗ ನೀರು 900 ಏಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಒಂದು ಲೀಟರ್ ರೆಸಿನ್ ಒಂದು ಸಲದ ರೀಜನರೇಶನ್ನಿಗೆ 50ರಿಂದ 55 ಗ್ರಾಂ ಹಿಡಿದಿಡಬಲ್ಲದು. 50 ಲೀಟರ್ ರೆಸಿನ್ ಎರಡೂವರೆ ಕೆ.ಜಿ.ಗೆ ತುಂಬಿಹೋಗುತ್ತದೆ, ಅಂದರೆ ಹೆಚ್ಚೆಂದರೆ ಆರು ಗಂಟೆ. ನೀವು ಹದಿನಾರು ಗಂಟೆ ಓಡಿಸಿದ ಮೇಲೆ ಉಪ್ಪು ಹಾಕುತ್ತಿದ್ದೀರಿ. ಉಳಿದ ಹತ್ತು ಗಂಟೆ ಸಾಫ್ಟ್‌ನರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗಡಸು ನೀರು ನೇರವಾಗಿ ಬಾಯ್ಲರಿಗೆ ಹೋಗಿ ಕೊಳವೆಗಳ ಮೇಲೆ ಚಕ್ಕೆ ಕಟ್ಟುತ್ತಿದೆ. ಒಂದು ಮಿಲಿಮೀಟರ್ ದಪ್ಪದ ಚಕ್ಕೆಯಿಂದಲೇ ಇಂಧನ ನೂರಕ್ಕೆ ಐದರಿಂದ ಎಂಟರಷ್ಟು ಹೆಚ್ಚಾಗುತ್ತದೆ. ಶಾಖ ನೀರಿಗೆ ಇಳಿಯದಿದ್ದರೆ ಹೊಗೆಯೊಂದಿಗೆ ಹೋಗಲೇಬೇಕು. ನಿಮ್ಮ 260 ಡಿಗ್ರಿಯಲ್ಲಿ ಒಂದು ಪಾಲು ಈ ಚಕ್ಕೆಯದೇ ಇರಬಹುದು.

ಇದನ್ನು ನೀವೇ ಪರೀಕ್ಷಿಸಬಹುದು. ಗಡಸುತನ ಅಳೆಯುವ ಚಿಕ್ಕ ಕಿಟ್ ಸಿಗುತ್ತದೆ. ಸಾಫ್ಟ್‌ನರಿನಿಂದ ಹೊರಬಂದ ನೀರಿಗೆ ಸೂಚಕ ಹಾಕಿದಾಗ ಕೆಂಪು ಬಣ್ಣ ಬಂದರೆ ಗಡಸುತನವಿದೆ, ನೀಲಿ ಬಂದರೆ ಇಲ್ಲ. ಎರಡು ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಿಸಿ. ಉಪ್ಪು ಹಾಕುವ ಹೊತ್ತನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬಾರದು, ಬಣ್ಣ ನೋಡಿ ತೀರ್ಮಾನಿಸಬೇಕು.

ಡಿಪ್ಲೊಮಾ ವಿದ್ಯಾರ್ಥಿನಿ, ಕೋಲಾರ:

ನಡುವೆ ಪ್ರಶ್ನೆ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ತರಬೇತಿಯ ಕಾರ್ಖಾನೆಯಲ್ಲಿ ಸಾಫ್ಟ್‌ನರಿಗೆ ಮುಂಚೆ ಮತ್ತು ನಂತರ ಟಿಡಿಎಸ್ ಮೀಟರ್ ಹಿಡಿದರೆ ಒಂದೇ ಅಂಕಿ ಬರುತ್ತದೆ. ಹಾಗಾದರೆ ಸಾಫ್ಟ್‌ನರ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥವೇ?

ನೀರಿನ ಲ್ಯಾಬ್, ಚಿಕ್ಕಬಳ್ಳಾಪುರ:

ಬಹಳ ಜನ ಎಡವುವ ಜಾಗವಿದು. ಸಾಫ್ಟ್‌ನರ್ ನೀರಿನಲ್ಲಿರುವ ಲವಣವನ್ನು ತೆಗೆಯುವುದಿಲ್ಲ, ಬದಲಾಯಿಸುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. 40 ತೂಕದ ಒಂದು ಕ್ಯಾಲ್ಸಿಯಂ ಹೋದರೆ 23 ತೂಕದ ಎರಡು ಸೋಡಿಯಂ ಬರುತ್ತವೆ, ಆದ್ದರಿಂದ ಟಿಡಿಎಸ್ ಕೂದಲೆಳೆಯಷ್ಟು ಏರಲೂಬಹುದು. ಚಕ್ಕೆ ಕಟ್ಟುವುದು ನಿಲ್ಲುತ್ತದೆ, ಆದರೆ ಲವಣವೆಲ್ಲ ಬಾಯ್ಲರಿನೊಳಗೇ ಉಳಿಯುತ್ತದೆ. ಹಬೆ ಶುದ್ಧವಾಗಿ ಹೊರಗೆ ಹೋಗುತ್ತದೆ, ಲವಣ ಹಿಂದೆ ಉಳಿದು ಗಾಢವಾಗುತ್ತದೆ. ಉಪ್ಪಿನಸಾರಿನ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ.

ಇದನ್ನು ಹೊರಹಾಕುವುದಕ್ಕೇ ಬ್ಲೋಡೌನ್ ಇರುವುದು. ಇಂಥ ಚಿಕ್ಕ ಬಾಯ್ಲರಿನ ನೀರು 3500 ಪಿಪಿಎಂ ದಾಟಬಾರದು. ಒಳಬರುವ ನೀರು 1150 ಇರುವಾಗ ಈ ಮಿತಿ ಕಾಯಬೇಕಾದರೆ ಪ್ರತಿ 100 ಕೆ.ಜಿ. ಹಬೆಗೆ 49 ಲೀಟರ್ ನೀರನ್ನು ಬಾಯ್ಲರಿನಿಂದ ಹೊರಗೆ ಚೆಲ್ಲಬೇಕು. ಗಂಟೆಗೆ 600 ಕೆ.ಜಿ. ಹಬೆಯ ಜೊತೆಗೆ 294 ಲೀಟರ್ ಬ್ಲೋಡೌನ್. ನಾನು ಮೇಲೆ ಹೇಳಿದ 900 ಬಂದದ್ದು ಹೀಗೆ. ಆ ನೀರು 170 ಡಿಗ್ರಿಯಲ್ಲಿ ಹೊರಗೆ ಹೋಗುತ್ತದೆ. ಅದನ್ನು 28 ಡಿಗ್ರಿಯಿಂದ ಅಲ್ಲಿಯವರೆಗೆ ಕಾಯಿಸಲು ಗಂಟೆಗೆ ಸುಮಾರು 42 ಸಾವಿರ ಕಿಲೋಕ್ಯಾಲೊರಿ ಬೇಕು. ಸೌದೆಯ ಶಾಖ ಕೆ.ಜಿ.ಗೆ 3500 ಕಿಲೋಕ್ಯಾಲೊರಿ, ಬಾಯ್ಲರಿನ ದಕ್ಷತೆ ನೂರಕ್ಕೆ 65 ಎಂದು ಹಿಡಿದರೆ ಗಂಟೆಗೆ 18 ಕೆ.ಜಿ. ಸೌದೆ. ಹಬೆಗೆಂದು ನೀವು ಸುಡುವುದು 165 ಕೆ.ಜಿ.ಯ ಆಸುಪಾಸು. ಆ ಎಕನಾಮೈಸರ್ ಉಳಿಸುವ ಸೌದೆ ಏಳು ಕೆ.ಜಿ.; ನಿಮ್ಮ ನೀರು ಚರಂಡಿಗೆ ಚೆಲ್ಲಿಸುವ ಸೌದೆ ಹದಿನೆಂಟು.

ಶಿಡ್ಲಘಟ್ಟ ರೀಲರ್:

ಸ್ವಾಮಿ, ನಾವು ಅಷ್ಟೊಂದು ಬ್ಲೋಡೌನ್ ಮಾಡುವುದೇ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ವಾಲ್ವ್ ತೆರೆದು ಮುಚ್ಚುತ್ತೇವೆ, ಅಷ್ಟೇ.

ನೀರಿನ ಲ್ಯಾಬ್, ಚಿಕ್ಕಬಳ್ಳಾಪುರ:

ಹಾಗಾದರೆ ಸೌದೆ ಉಳಿದಿದೆ, ನೂಲು ಕೆಟ್ಟಿದೆ. ಲವಣ ಗಾಢವಾದ ನೀರು ನೊರೆ ಕಟ್ಟುತ್ತದೆ. ಹಬೆಯ ಜೊತೆಗೆ ಆ ನೊರೆಯ ನೀರೂ ಪೈಪಿನೊಳಗೆ ಎಳೆದುಕೊಂಡು ಹೋಗುತ್ತದೆ. ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಅದು ಬಾಯ್ಲರಿನ ಶಾಖಕ್ಕೆ ಒಡೆದು ಒಂದು ಕಡೆ ಕಾಸ್ಟಿಕ್ ಸೋಡಾ ಆಗುತ್ತದೆ, ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಕಾಸ್ಟಿಕ್ ನೀರಿನ ಹನಿಗಳು ಗೂಡು ಬೇಯುವ ನೀರಿಗೆ ಬಿದ್ದರೆ ಗೂಡಿನ ಅಂಟು, ಅಂದರೆ ಸೆರಿಸಿನ್, ಬೇಗ ಕರಗುತ್ತದೆ. ಕ್ಷಾರದ ಬಿಸಿ ನೀರಿನಲ್ಲಿ ಸೆರಿಸಿನ್ ಕರಗುವುದು ನಿಮ್ಮ ಕಸುಬಿನವರಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಕೆಲವು ದಿನ ಗೂಡು ಅತಿಯಾಗಿ ಬೆಂದಂತಾಗಿ, ಕೆಲವು ದಿನ ಸರಿಯಾಗಿ ಬರುವುದಕ್ಕೆ ನೀವು ಗೂಡಿನ ತಳಿಯನ್ನೋ, ಹವೆಯನ್ನೋ ದೂರುತ್ತಿರಬಹುದು. ಒಮ್ಮೆ ಬೇಯಿಸುವ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಅನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಅಳೆದು ನೋಡಿ.

ಮಾಲೂರು ಬಿಡಿಭಾಗ ವ್ಯಾಪಾರಿ:

ಇಷ್ಟೆಲ್ಲ ತಲೆಬಿಸಿ ಏಕೆ? ಪೈಪಿನ ಸುತ್ತ ಕಟ್ಟುವ ಅಯಸ್ಕಾಂತದ ಸಾಧನಗಳು ಈಗ ಸಿಗುತ್ತವೆ. ಉಪ್ಪು ಬೇಡ, ರೆಸಿನ್ ಬೇಡ, ವಿದ್ಯುತ್ತೂ ಬೇಡ.

ಗೌರಿಬಿದನೂರು ನಿವೃತ್ತ:

ಅಂಥದ್ದನ್ನು ಕಟ್ಟಿದ ಪೈಪಿನ ಎರಡೂ ಬದಿಯ ನೀರಿಗೆ ಮೇಲೆ ಹೇಳಿದ ಕಿಟ್ಟಿನ ಪರೀಕ್ಷೆ ಮಾಡಿ. ಎರಡೂ ಲೋಟಗಳಲ್ಲಿ ಕೆಂಪು ಬಣ್ಣವೇ ಇರುತ್ತದೆ. ಕ್ಯಾಲ್ಸಿಯಂ ಎಲ್ಲಿಗೂ ಹೋಗಿರುವುದಿಲ್ಲ. ಹಬೆ ಬಾಯ್ಲರಿಗೆ ಅದನ್ನು ನಂಬಿಕೊಂಡು ಸಾಫ್ಟ್‌ನರ್ ತೆಗೆದವರ ಕೊಳವೆಗಳನ್ನು ನಾನು ಉಳಿ ಹಿಡಿದು ಕೆತ್ತಿಸಿದ್ದೇನೆ. ಈ ವಿಷಯವನ್ನು ಇಲ್ಲಿಗೇ ಬಿಡೋಣ.

ತಿಪಟೂರು ಕೊಬ್ಬರಿ ಪುಡಿ:

ನಮ್ಮದು ತಿಪಟೂರಿನ ಹತ್ತಿರ ಒಣ ಕೊಬ್ಬರಿ ಪುಡಿಯ ಘಟಕ, ತೆಂಗಿನ ಚಿಪ್ಪು ಮತ್ತು ಮಟ್ಟೆ ಸುಡುವ ಬಾಯ್ಲರ್. ಎಕನಾಮೈಸರ್ ಹಾಕಿಸಿ ಪಟ್ಟ ಪಾಡನ್ನು ಬರೆಯುತ್ತೇನೆ. ಮೊದಲ ತಿಂಗಳು ಚೆನ್ನಾಗಿ ಉಳಿತಾಯವಾಯಿತು. ಆಮೇಲೆ ಹೊಗೆ ಎಳೆಯುವುದು ಕಡಿಮೆಯಾಯಿತು, ಬೆಂಕಿ ಬಾಗಿಲಿನಿಂದ ಹೊಗೆ ಹಿಂದಕ್ಕೆ ಬರತೊಡಗಿತು. ಬಿಚ್ಚಿ ನೋಡಿದರೆ ರೆಕ್ಕೆಗಳಿದ್ದ ಕೊಳವೆಗಳ ನಡುವೆ ಬೂದಿ ಅಂಟಿಕೊಂಡು ಗೋಡೆಯೇ ಆಗಿತ್ತು. ಮಟ್ಟೆಯ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಅದು ಬೇಗ ಕರಗಿ ಅಂಟುತ್ತದೆ ಎಂದು ಆಮೇಲೆ ತಿಳಿಯಿತು. ರೆಕ್ಕೆಯ ಕೊಳವೆ ಎಣ್ಣೆ ಅಥವಾ ಅನಿಲ ಸುಡುವ ಬಾಯ್ಲರಿಗೆ ಸರಿ. ಸೌದೆ, ಮಟ್ಟೆ, ಹೊಟ್ಟು ಸುಡುವವರು ಬೋಳು ಕೊಳವೆಯದನ್ನೇ ಕೇಳಿ ಪಡೆಯಬೇಕು, ಮಸಿ ಊದುವ ಸೂಟ್ ಬ್ಲೋವರ್ ಮತ್ತು ಒಳಗೆ ಕೈ ಹಾಕಿ ಶುಚಿ ಮಾಡುವ ಬಾಗಿಲು ಇರಲೇಬೇಕು.

ನಮ್ಮ ಒಣಗಿಸುವ ಯಂತ್ರಗಳಲ್ಲಿ ಹಬೆ ಸುರುಳಿ ಪೈಪಿನೊಳಗೇ ಇರುವುದರಿಂದ ಕಂಡೆನ್ಸೇಟ್ ಪೂರ್ತಿ ವಾಪಸು ಬರುತ್ತದೆ. 7 ಕೆ.ಜಿ. ಒತ್ತಡದ ಹಬೆಯ ಒಟ್ಟು ಶಾಖದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಆ ಬಿಸಿ ನೀರಿನಲ್ಲೇ ಇರುತ್ತದೆ. ಆದರೆ ಸ್ಟೀಮ್ ಟ್ರ್ಯಾಪುಗಳು (ಹಬೆಯನ್ನು ತಡೆದು ನೀರನ್ನು ಮಾತ್ರ ಬಿಡುವ ವಾಲ್ವುಗಳು) ಸರಿಯಿದ್ದರೆ ಮಾತ್ರ ಅದು ಲಾಭ. ನಮ್ಮಲ್ಲಿ ಹನ್ನೊಂದು ಟ್ರ್ಯಾಪುಗಳಲ್ಲಿ ನಾಲ್ಕು ಬಾಯಿ ತೆರೆದುಕೊಂಡೇ ಇದ್ದವು. ನೀರನ್ನು ಬಿಡುವ ಬದಲು ಹಬೆಯನ್ನೇ ಬಿಡುತ್ತಿದ್ದವು. ಮೂರು ಮಿಲಿಮೀಟರ್ ತೂತಿನಿಂದ ಆ ಒತ್ತಡದಲ್ಲಿ ಗಂಟೆಗೆ 25 ಕೆ.ಜಿ. ಹಬೆ ಹೋಗುತ್ತದೆ, ಅಂದರೆ ಒಂದು ಟ್ರ್ಯಾಪಿಗೆ ಆರೇಳು ಕೆ.ಜಿ. ಸೌದೆ. ಒಂದು ಎಕನಾಮೈಸರ್ ಉಳಿಸುವುದನ್ನು ಒಂದು ಕೆಟ್ಟ ಟ್ರ್ಯಾಪ್ ತಿಂದುಹಾಕುತ್ತದೆ ಎಂದು ನಮಗೆ ಗೊತ್ತಾದದ್ದು ಹಾಗೆ.

ಗೌರಿಬಿದನೂರು ನಿವೃತ್ತ:

ತಿಪಟೂರಿನವರ ಮಾತಿಗೆ ಪೂರಕವಾಗಿ ಶಿಡ್ಲಘಟ್ಟದವರಿಗೆ ಮೂರು ಅಂಶ ಹೇಳುತ್ತೇನೆ.

28 ಡಿಗ್ರಿಯ ತಣ್ಣನೆಯ ನೀರನ್ನು ನೇರವಾಗಿ ಎಕನಾಮೈಸರಿಗೆ ಬಿಟ್ಟರೆ ಅದು ಒಳಗಿನಿಂದಲೂ ಹೊರಗಿನಿಂದಲೂ ಕೊಳೆಯುತ್ತದೆ. ಸೌದೆಯ ಹೊಗೆಯಲ್ಲಿ ನೀರಾವಿ ಹೇರಳವಾಗಿರುತ್ತದೆ, ತಣ್ಣನೆಯ ಕೊಳವೆಯ ಮೇಲೆ ಅದು ಬೆವರಿ, ಬೂದಿಯೊಡನೆ ಕಲಸಿ ಕೆಸರಾಗುತ್ತದೆ. ಒಳಗಡೆ, ತಣ್ಣೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ನೀರು ಕಾದಾಗ ಅದು ಬಿಡುಗಡೆಯಾಗಿ ಉಕ್ಕಿನಲ್ಲಿ ಸೂಜಿ ಚುಚ್ಚಿದಂತೆ ಗುಳಿ ತೋಡುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕಾಗಿ ಡಿಏರೇಟರ್ ಇಟ್ಟು, ನೀರನ್ನು 105 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಆಮ್ಲಜನಕವನ್ನು ಓಡಿಸುತ್ತಾರೆ. ಒಂದು ಟನ್ನಿನ ಬಾಯ್ಲರಿಗೆ ಅದು ಬೆಕ್ಕಿಗೆ ಆನೆಯ ಅಂಬಾರಿ ಕಟ್ಟಿದಂತೆ. ಫೀಡ್ ಟ್ಯಾಂಕನ್ನೇ 80, 85 ಡಿಗ್ರಿಗೆ ಕಾಯಿಸಿದರೆ ಆಮ್ಲಜನಕ ಮೂರು ಮಿಲಿಗ್ರಾಮಿನ ಒಳಗೆ ಇಳಿಯುತ್ತದೆ, ಉಳಿದದ್ದಕ್ಕೆ ಒಂದು ಪಿಪಿಎಂಗೆ ಎಂಟು ಪಿಪಿಎಂ ಲೆಕ್ಕದಲ್ಲಿ ಸೋಡಿಯಂ ಸಲ್ಫೈಟ್ ಸಾಕು. ನೀವು ಹಬೆಯನ್ನು ನೇರವಾಗಿ ಗೂಡಿನ ನೀರಿಗೆ ಬಿಡುವುದರಿಂದ, ಹಬೆಯೊಡನೆ ಹಾರಿಹೋಗುವ ಅಮೀನಿನಂಥ ರಾಸಾಯನಿಕಗಳನ್ನು ಯಾರು ಮಾರಲು ಬಂದರೂ ಬೇಡವೆನ್ನಿ.

ನೀರು ಕಾಯಿಸುವ ಶಾಖ ಎಲ್ಲಿಂದ ತರುವುದು ಎಂದರೆ, ಚರಂಡಿಗೆ ಹೋಗುತ್ತಿರುವ ರೀ-ರೀಲಿಂಗ್ ಕಂಡೆನ್ಸೇಟಿನಿಂದಲೇ ಮೊದಲು. ಅದು ಬಟ್ಟಿ ಇಳಿಸಿದ ನೀರಿನಷ್ಟೇ ಶುದ್ಧ, ಟಿಡಿಎಸ್ ಇಲ್ಲವೆನ್ನುವಷ್ಟು ಕಡಿಮೆ. ಬೇಸಿನ್ನುಗಳಿಂದ ಬರುವ ಬಿಸಿ ಕೊಳಕು ನೀರಿನ ತೊಟ್ಟಿಯಲ್ಲಿ ಒಂದು ಸುರುಳಿ ಪೈಪು ಮುಳುಗಿಸಿ, ಅದರ ಮೂಲಕ ಫೀಡ್ ನೀರನ್ನು ಹಾಯಿಸಿಯೂ ಸ್ವಲ್ಪ ಶಾಖ ಪಡೆಯಬಹುದು. ಅಂಟು ಕಟ್ಟುವುದರಿಂದ ವಾರಕ್ಕೊಮ್ಮೆ ತಿಕ್ಕಿಸಬೇಕು. ಆದರೆ ಟ್ಯಾಂಕು ಬಿಸಿಯಾದ ದಿನವೇ ಪಂಪು ತಕರಾರು ಮಾಡುತ್ತದೆ ಎಂಬುದನ್ನು ಮರೆಯಬೇಡಿ. ಬಿಸಿ ನೀರು ಪಂಪಿನ ಬಾಯಲ್ಲಿ ಒತ್ತಡ ಕಡಿಮೆಯಾದೊಡನೆ ಆವಿಯಾಗುತ್ತದೆ, ಒಳಗೆ ಜಲ್ಲಿ ಉರುಳಿದಂಥ ಸದ್ದು ಬರುತ್ತದೆ, ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆಯುತ್ತದೆ. ಟ್ಯಾಂಕನ್ನು ಪಂಪಿಗಿಂತ ಸಾಕಷ್ಟು ಎತ್ತರದಲ್ಲಿ ಕಟ್ಟಿಸಿ, ಹೀರುವ ಪೈಪು ದಪ್ಪವಾಗಿ, ನೇರವಾಗಿ, ಕಡಿಮೆ ತಿರುವಿನದಾಗಿರಲಿ.

ಕೊನೆಯದು, ನಿಂತು ನಿಂತು ಓಡುವ ಪಂಪು. ಪಂಪು ನಿಂತಾಗ ಎಕನಾಮೈಸರಿನೊಳಗಿನ ನೀರು ಅಲ್ಲೇ ಕುದಿಯುತ್ತದೆ. ಮತ್ತೆ ಪಂಪು ಓಡಿದಾಗ ಸುತ್ತಿಗೆಯಲ್ಲಿ ಹೊಡೆದಂತೆ ಪೈಪುಗಳು ಬಡಿದುಕೊಳ್ಳುತ್ತವೆ. ನೀರನ್ನು ಸತತವಾಗಿ ಬಿಡುವ ನಿಯಂತ್ರಕವೋ, ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ಡ್ಯಾಂಪರೋ ಬೇಕು, ಎಕನಾಮೈಸರಿಗೇ ಒಂದು ರಿಲೀಫ್ ವಾಲ್ವ್ ಬೇಕು. ಕಾನೂನಿನಲ್ಲಿ ಎಕನಾಮೈಸರ್ ಎಂಬುದು ಸುಮ್ಮನೆ ಒಂದು ಪೈಪಲ್ಲ. 1923ರ ಬಾಯ್ಲರ್ ಕಾಯ್ದೆಯೇ ಅದನ್ನು ಪ್ರತ್ಯೇಕವಾಗಿ ಹೆಸರಿಸಿತ್ತು. ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಸ್ಥಳೀಯ ವೆಲ್ಡರಿನಿಂದ ಹಾಕಿಸಿಕೊಳ್ಳುವ ಯೋಚನೆಯನ್ನೇ ಮಾಡಬೇಡಿ. ನಕ್ಷೆ, ಕೊಳವೆಯ ಪ್ರಮಾಣಪತ್ರ, ವೆಲ್ಡರಿನ ಅರ್ಹತೆ, ಎಲ್ಲವೂ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಮುಂದೆ ಬರಬೇಕು.

ಶಿಡ್ಲಘಟ್ಟ ರೀಲರ್:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಲವಣವೇ ಮೂಲ ತೊಂದರೆಯೆಂದರೆ ಆರ್.ಒ. ಘಟಕ ಹಾಕಿಸಬೇಕಾಗುತ್ತದಲ್ಲವೇ? ಆದರೆ ಅದು ಮೂರರಲ್ಲಿ ಒಂದು ಪಾಲು ನೀರನ್ನು ಹೊರಗೆ ಚೆಲ್ಲುತ್ತದೆ. ಸಾವಿರದ ಇನ್ನೂರು ಅಡಿಯಿಂದ ಎತ್ತಿದ ನೀರನ್ನು ಹಾಗೆ ಚೆಲ್ಲಲು ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಮನಸ್ಸು ಬರುತ್ತದೆಯೇ?

ನೀರಿನ ಲ್ಯಾಬ್, ಚಿಕ್ಕಬಳ್ಳಾಪುರ:

ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದಾಗ ಅಭಿಪ್ರಾಯ ಬದಲಾಯಿತು. ಸರಿಯಾಗಿ ಬ್ಲೋಡೌನ್ ಮಾಡಿದರೆ ಈಗಿನ ಪದ್ಧತಿಯಲ್ಲಿ ನಿಮಗೆ ಗಂಟೆಗೆ 894 ಲೀಟರ್ ಬೇಕು. ಆರ್.ಒ. ನೀರಿನ ಟಿಡಿಎಸ್ 60 ಎಂದು ಹಿಡಿದರೆ ಬ್ಲೋಡೌನ್ ಗಂಟೆಗೆ ಹತ್ತೇ ಲೀಟರ್, ಒಟ್ಟು 610 ಲೀಟರ್ ಶುದ್ಧ ನೀರು ಸಾಕು. ಘಟಕ ನೂರಕ್ಕೆ 65 ಪಾಲು ಶುದ್ಧ ನೀರು ಕೊಟ್ಟರೆ, ಬಾವಿಯಿಂದ ಎತ್ತಬೇಕಾದದ್ದು 938 ಲೀಟರ್. ಹೆಚ್ಚುವರಿ ನೀರು ನಲವತ್ತೈದು ಲೀಟರಿನ ಒಳಗೆ. ವ್ಯತ್ಯಾಸವಿಷ್ಟೇ: ಈಗ ನೀರನ್ನು ಸೌದೆ ಸುಟ್ಟು ಕಾಯಿಸಿ ಚೆಲ್ಲುತ್ತೀರಿ, ಆಗ ಕಾಯಿಸದೆ ಚೆಲ್ಲುತ್ತೀರಿ. ಕಂಡೆನ್ಸೇಟ್ ತಂದಷ್ಟೂ ಈ ಎರಡೂ ಅಂಕಿಗಳು ಇಳಿಯುತ್ತವೆ.

ಆ ತಿರಸ್ಕೃತ ನೀರಿನ ಟಿಡಿಎಸ್ 3200ರ ಹತ್ತಿರ ಇರುತ್ತದೆ. ನೆಲ ತೊಳೆಯಲು, ಬೂದಿ ನೆನೆಸಲು ಬಳಸಿ. ಹಿಪ್ಪುನೇರಳೆ ತೋಟಕ್ಕಾಗಲಿ, ಊರ ಕೆರೆಗಾಗಲಿ, ಬತ್ತಿದ ಕೊಳವೆಬಾವಿಗಾಗಲಿ ಬಿಡಬೇಡಿ. ಊರಿನ ಕುಡಿಯುವ ನೀರಿನ ಘಟಕಗಳ ಹಿಂದೆ ಬಿಳಿ ಪದರ ಕಟ್ಟಿದ ನೆಲವನ್ನು ನೀವೂ ನೋಡಿರುತ್ತೀರಿ. ಆರ್.ಒ.ಗೆ ಮುಂಚೆ ಮರಳು ಶೋಧಕ ಮತ್ತು ಚಕ್ಕೆ ತಡೆಯುವ ದ್ರಾವಣ ಇರಲೇಬೇಕು, ಇಲ್ಲವಾದರೆ 480 ಗಡಸುತನಕ್ಕೆ ಮೆಂಬ್ರೇನ್ (ಶೋಧಿಸುವ ಪೊರೆ) ಬೇಗ ಕಟ್ಟಿಕೊಳ್ಳುತ್ತದೆ.

ಮಾಲೂರು ಅಟೆಂಡೆಂಟ್:

ನಾನು ಎರಡನೇ ದರ್ಜೆಯ ಬಾಯ್ಲರ್ ಅಟೆಂಡೆಂಟ್. ಇಷ್ಟು ಹೊತ್ತು ಸೌದೆಯ ಲೆಕ್ಕವೇ ನಡೆಯಿತು, ಸುರಕ್ಷತೆಯ ಬಗ್ಗೆ ಯಾರೂ ಬರೆಯಲಿಲ್ಲ; ಆದ್ದರಿಂದ ನನ್ನ ಅನುಭವ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ.

ರಾತ್ರಿ ಪಾಳಿಯಲ್ಲಿ ಕರೆಂಟು ಹೋಯಿತು. ಜನರೇಟರ್ ಹೊತ್ತಿಕೊಳ್ಳಲಿಲ್ಲ. ಪಂಪು ನಿಂತಿತು, ಆದರೆ ಒಲೆಯಲ್ಲಿ ಒಂದಡಿ ದಪ್ಪದ ನೀಲಗಿರಿ ಕೆಂಡವಿತ್ತು. ಎಣ್ಣೆಯ ಬಾಯ್ಲರಾದರೆ ಕರೆಂಟು ಹೋದೊಡನೆ ಬೆಂಕಿಯೂ ಆರುತ್ತದೆ. ಸೌದೆಯದು ಆರುವುದಿಲ್ಲ, ಹಬೆ ಮಾಡುತ್ತಲೇ ಇರುತ್ತದೆ. ಟಾರ್ಚ್ ಹಿಡಿದು, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ನೋಡಿದೆ, ನೀರು ಅರ್ಧಕ್ಕಿಂತ ಮೇಲಿತ್ತು, ಸಮಾಧಾನವಾಯಿತು. ಹತ್ತು ನಿಮಿಷ ಬಿಟ್ಟು ನೋಡಿದರೂ ಅಷ್ಟೇ ಇತ್ತು. ಹಬೆ ಹೋಗುತ್ತಿದೆ, ನೀರು ಬರುತ್ತಿಲ್ಲ, ಆದರೂ ಮಟ್ಟ ಇಳಿಯುತ್ತಿಲ್ಲವೆಂದರೆ ಏನೋ ತಪ್ಪಿದೆ ಎಂದು ಆಗ ಹೊಳೆಯಿತು. ಇನ್ನೊಂದು ಬದಿಯ ಗಾಜಿನ ಕೋಕು (ಚಿಕ್ಕ ನಲ್ಲಿ) ತೆರೆದು ಊದಿಸಿದೆ. ಅದು ಖಾಲಿ. ಮೊದಲ ಗಾಜಿನ ಕೆಳಗಿನ ದಾರಿ ಕೆಸರಿನಿಂದ ಮುಚ್ಚಿಹೋಗಿತ್ತು, ಮೇಲಿನಿಂದ ಬಂದ ಹಬೆ ತಣಿದು ನಿಂತ ನೀರನ್ನೇ ನಾನು ಬಾಯ್ಲರಿನ ನೀರೆಂದು ನಂಬಿದ್ದೆ.

ಆಗ ಮಾಡಿದ್ದು ಇಷ್ಟು: ಡ್ಯಾಂಪರ್ ಮುಚ್ಚಿ, ಕೆಂಡದ ಮೇಲೆ ಬೂದಿ ಸುರಿದು ಅಡಗಿಸಿ, ಹಬೆಯ ಮುಖ್ಯ ವಾಲ್ವನ್ನು ನಿಧಾನವಾಗಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳುಹಿಸಿದೆ. ಅಷ್ಟರಲ್ಲಿ ಜನರೇಟರ್ ಹೊತ್ತಿಕೊಂಡಿತು, ಪಂಪು ಹಾಕೋಣವೇ ಎಂದು ಸಹಾಯಕ ಕೇಳಿದ. ಕೈ ಹಿಡಿದು ತಡೆದೆ. ಬರಿದಾಗಿ ಕೆಂಪೇರಿದ ಲೋಹದ ಮೇಲೆ ನೀರು ಬಿದ್ದರೆ ಅದು ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರು ಬಯಲಿನ ಒತ್ತಡದಲ್ಲಿ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಹಬೆಯಾಗುತ್ತದೆ. ಮರುದಿನ ತಣಿದ ಮೇಲೆ ನೋಡಿದಾಗ ಕೆಲವು ಕೊಳವೆಗಳ ತುದಿ ಸಡಿಲವಾಗಿದ್ದವು. ಅಷ್ಟಕ್ಕೇ ಮುಗಿಯಿತು.

ಅಂದಿನಿಂದ ಪಾಳಿ ವಹಿಸಿಕೊಂಡೊಡನೆ ಎರಡೂ ಗಾಜುಗಳನ್ನು ಊದಿಸದೆ ನಾನು ರಿಜಿಸ್ಟರಿಗೆ ಸಹಿ ಹಾಕುವುದಿಲ್ಲ. ಶಿಡ್ಲಘಟ್ಟದವರು ದಯವಿಟ್ಟು ನೋಡಬೇಕು: ಎರಡು ಗಾಜುಗಳೂ ಜೀವಂತವಾಗಿವೆಯೇ? ಕರೆಂಟು ಹೋದಾಗ ನೀರು ಬಿಡಲು ಎರಡನೆಯ ಸಾಧನ ಇದೆಯೇ? ಸೇಫ್ಟಿ ವಾಲ್ವಿನ ಲಿವರ್ ಕೈಯಲ್ಲಿ ಎತ್ತಿದರೆ ಏಳುತ್ತದೆಯೇ, ಅದರ ಪೈಪು ಛಾವಣಿಯ ಹೊರಗೆ ಹೋಗಿದೆಯೇ? ನೀರು ಕಡಿಮೆಯಾದಾಗ ಫ್ಯಾನ್ ನಿಲ್ಲಿಸಿ ಕೂಗುವ ಅಲಾರಂ ಕೆಲಸ ಮಾಡುತ್ತದೆಯೇ?

ಡಿಪ್ಲೊಮಾ ವಿದ್ಯಾರ್ಥಿನಿ, ಕೋಲಾರ:

ಕರೆಂಟಿಲ್ಲದೆ ನೀರು ತಳ್ಳಲು ಸ್ಟೀಮ್ ಇಂಜೆಕ್ಟರ್ ಇದೆಯಲ್ಲವೇ? ಫ್ರಾನ್ಸಿನ ಹೆನ್ರಿ ಗಿಫಾರ್ 1858ರಲ್ಲಿ ಅದಕ್ಕೆ ಪೇಟೆಂಟ್ ಪಡೆದರೆಂದು ಓದಿದ್ದೇನೆ. ಉಗಿಬಂಡಿಗಳಲ್ಲೆಲ್ಲ ಅದೇ ಇತ್ತಂತೆ.

ಗೌರಿಬಿದನೂರು ನಿವೃತ್ತ:

ಒಳ್ಳೆಯ ನೆನಪು. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಬಾಯ್ಲರಿನದೇ ಹಬೆ ನೀರನ್ನು ಎಳೆದು ಬಾಯ್ಲರಿಗೇ ತಳ್ಳುತ್ತದೆ. ಒಂದು ತೊಡಕೆಂದರೆ, ಹಬೆ ನೀರಿನಲ್ಲಿ ತಣಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಾವು ಟ್ಯಾಂಕನ್ನು 85 ಡಿಗ್ರಿಗೆ ಕಾಯಿಸಿಟ್ಟರೆ ಆ ನೀರನ್ನು ಇಂಜೆಕ್ಟರ್ ಎತ್ತುವುದಿಲ್ಲ, ಅದಕ್ಕೆ ತಣ್ಣೀರಿನ ಪ್ರತ್ಯೇಕ ತೊಟ್ಟಿ ಇಡಬೇಕು. ಉಳಿತಾಯಕ್ಕೆ ಮಾಡಿದ ಬದಲಾವಣೆ ಸುರಕ್ಷತೆಯ ಸಾಧನವನ್ನು ಸದ್ದಿಲ್ಲದೆ ಕೆಡಿಸುವುದು ಹೀಗೆ.

ಶಿಡ್ಲಘಟ್ಟ ರೀಲರ್ (ಮೂರು ವಾರಗಳ ನಂತರ):

ಎಲ್ಲರ ಸಲಹೆಯಂತೆ ಬಾಯ್ಲರನ್ನು ಎರಡು ದಿನ ನಿಲ್ಲಿಸಿ ನೋಡಿದೆವು. ಕೊಳವೆಗಳ ಮೇಲೆ ಕೆಲವು ಕಡೆ ಎರಡು ಮಿಲಿಮೀಟರ್ ಚಕ್ಕೆ ಇತ್ತು. ಬ್ಲೋಡೌನ್ ಸರಿಯಾಗಿ ಮಾಡತೊಡಗಿದ ಮೇಲೆ ಕಿಟ್ ತಂದು ಪರೀಕ್ಷಿಸಿದರೆ, ಉಪ್ಪು ಹಾಕಿದ ಆರನೆಯ ಗಂಟೆಗೇ ಕೆಂಪು ಬಣ್ಣ ಬಂತು. ಲೆಕ್ಕ ಅಷ್ಟು ನಿಖರವಾಗಿತ್ತು. ಈಗ ಪ್ರತಿ ದಿನ ಕೆಲಸಕ್ಕೆ ಮುಂಚೆ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ ಉಪ್ಪು ಹಾಕಿಸುತ್ತಿದ್ದೇನೆ. ರೀ-ರೀಲಿಂಗ್ ಕಂಡೆನ್ಸೇಟನ್ನು ಫೀಡ್ ಟ್ಯಾಂಕಿಗೆ ತಂದಿದ್ದೇವೆ, ನೀರು 45 ಡಿಗ್ರಿಗೆ ಬಂದಿದೆ. ಚಕ್ಕೆ ತೆಗೆಸಿದ ಮೇಲೆ ಹೊಗೆ 225 ಡಿಗ್ರಿಗೆ ಇಳಿದಿದೆ. ಆರ್.ಒ. ಘಟಕಕ್ಕೆ ದರಪಟ್ಟಿ ಕೇಳಿದ್ದೇನೆ. ಎಕನಾಮೈಸರಿನ ಪ್ರತಿನಿಧಿಗೆ ಮುಂದಿನ ವರ್ಷ ಬರಲು ಹೇಳಿದ್ದೇನೆ.

ಮಾಲೂರಿನ ಅಟೆಂಡೆಂಟರಿಗೆ ಉತ್ತರ: ನಮ್ಮ ಎರಡು ಗಾಜುಗಳಲ್ಲಿ ಒಂದರ ಕೋಕು ತಿರುಗುತ್ತಲೇ ಇರಲಿಲ್ಲ, ಬದಲಾಯಿಸಿದ್ದೇವೆ. ಸೇಫ್ಟಿ ವಾಲ್ವ್ ಸರಿಯಿದೆ. ಕರೆಂಟು ಹೋದರೆಂದು ಪಂಪಿಗೆ ಪ್ರತ್ಯೇಕವಾಗಿ ಒಂದು ಚಿಕ್ಕ ಡೀಸೆಲ್ ಜನರೇಟರ್ ನೋಡುತ್ತಿದ್ದೇವೆ.

ಮಾಲೂರು ಅಟೆಂಡೆಂಟ್:

ಸಂತೋಷ. ನೀರು ಕಡಿಮೆಯಾದಾಗ ಕೂಗುವ ಅಲಾರಂ ಬಗ್ಗೆ ಬರೆಯಲಿಲ್ಲ. ಪ್ಯಾನೆಲ್ ತೆರೆದು ನೋಡಿದಿರಾ?

ಶಿಡ್ಲಘಟ್ಟ ರೀಲರ್:

ನೋಡಿದೆ, ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಪ್ಯಾನೆಲ್ಲಿನಲ್ಲಿ ಒಂದು ತುಂಡು ವೈರ್ ಹಾಕಿ ಅಲಾರಮನ್ನು ಬೈಪಾಸ್ ಮಾಡಿದ್ದರು. ನೀರಿದ್ದರೂ ಸುಮ್ಮಸುಮ್ಮನೆ ಕೂಗಿ ಫ್ಯಾನ್ ನಿಲ್ಲಿಸುತ್ತಿತ್ತು, ಕೆಲಸ ಕೆಡುತ್ತಿತ್ತು, ಅದಕ್ಕೇ ಹಾಗೆ ಮಾಡಿದೆವು ಎಂದು ನಮ್ಮ ಹುಡುಗ ಹೇಳಿದ. ನೀರಿನ ಮಟ್ಟ ಅರಿಯುವ ಪ್ರೋಬನ್ನು ಬಿಚ್ಚಿಸಿದೆ. ಅದರ ತುದಿಗೆ ಸುಣ್ಣದ ಚಕ್ಕೆ ಟೋಪಿಯಂತೆ ಕೂತಿತ್ತು, ನೀರು ಮುಟ್ಟಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಉಜ್ಜಿ ಹಾಕಿಸಿ ವೈರ್ ಕಿತ್ತುಹಾಕಿದ್ದೇನೆ. ಇಪ್ಪತ್ತು ದಿನವಾಯಿತು, ಒಂದು ಸಲವೂ ಸುಮ್ಮನೆ ಕೂಗಿಲ್ಲ.